ಹಂಚಿನ ಮೇಲಿದ್ದಾಗಲೇ ನೋಡಬೇಕು

ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬುವಾಗ ಅಂಚು ತುಸು ಸೀದ ವಾಸನೆ ಬರುತ್ತದಲ್ಲ, ಅದು ಇವತ್ತು ಬೆಳಿಗ್ಗೆ ಜೇವರ್ಗಿಯ ನಮ್ಮ ಅಡುಗೆಮನೆಯಿಂದ ಪಡಸಾಲೆಗೆ ಬಂತು. ಮೇಡಂ ನೆನಪಾದರು…

ಮೇಡಂ ಅಂದರೆ ನಾನಿದ್ದ ಪ್ರಯೋಗಾಲಯದ ವಿಜ್ಞಾನಿ, ಅಫಜಲಪುರದವರು. ದೂರದ ಊರಿನ ಆ ಕಟ್ಟಡದಲ್ಲಿ ನಮ್ಮ ಕಡೆಯ ಮಾತಾಡುವವರು ನಾವಿಬ್ಬರೇ. ಅಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವವನು ನಾನು. ನನ್ನಷ್ಟು ನಯವಾಗಿ ಅದನ್ನು ಆಡಿಸುವವನು ಆಗ ಹುಟ್ಟಿರಲಿಲ್ಲ, ಇನ್ನು ಹುಟ್ಟುವುದೂ ಅನುಮಾನ.

ಗಾಡಿಯ ಹೊಗೆಯಲ್ಲಿನ ವಿಷ ಮುರಿಯಲು ಸೈಲೆನ್ಸರಿನ ದಾರಿಯಲ್ಲಿ ಪ್ಲಾಟಿನಂ ಕಣಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಕಾದಾಗ ಅವುಗಳ ಆಕಾರ ಕೆಡುತ್ತದೆ, ಒಂದಕ್ಕೊಂದು ಅಂಟಿ ಕೆಲಸಕ್ಕೆ ಬಾರದಂತಾಗುತ್ತವೆ. ಅದು ಹೇಗೆಂದು ಕಣ್ಣಾರೆ ನೋಡಬೇಕೆಂಬುದು ಮೇಡಂ ಹಟ. ಕಣವನ್ನು ಸ್ವಲ್ಪ ಸ್ವಲ್ಪವೇ ಓರೆ ಮಾಡುತ್ತ ಚಿತ್ರ ತೆಗೆದು, ಎಲ್ಲ ಸೇರಿಸಿದರೆ ಅದರ ಪೂರ್ತಿ ಆಕಾರ ಸಿಗುತ್ತದೆ. ಆದರೆ ಅಷ್ಟು ಚಿತ್ರ ತೆಗೆಯುವಷ್ಟರಲ್ಲಿ ಕಾದ ಕಣ ಬದಲಾಗಿಬಿಡುತ್ತಿತ್ತು.

“ಕಣ ಆರಾಕ ಬಿಟ್ಟು ನೋಡೋಣ್ರಿ ಮೇಡಂ, ಎಲ್ಲಾರೂ ಹಂಗ ಮಾಡ್ತಾರ,” ಅಂದೆ.

“ಆರಿದ ರೊಟ್ಟಿ ನೋಡಿದ್ರ ಅದು ಉಬ್ಬಿತ್ತಂತ ಗೊತ್ತಾಗ್ತದೇನ್ರಿ ಕಾಕಾ? ಹಂಚಿನ ಮ್ಯಾಲಿದ್ದಾಗನ ನೋಡಬೇಕು. ನೀವು ಜಲ್ದಿ ತಿರುಗಸ್ರಿ.”

ಕಣ ಸ್ಪಷ್ಟವಾಗಿ ಮೂಡಿತು ಎಂದು ಸುಳ್ಳೇ ಕೂಗುವ ಆಟವೊಂದು ನನಗೆ ಸಿಕ್ಕಿತು. ಅವರು ಚಹಾದ ಲೋಟ ಬಾಯಿಗಿಟ್ಟ ಕೂಡಲೇ “ರೊಟ್ಟಿ ಉಬ್ಬಿತ್ರೀ ಮೇಡಂ!” ಎಂದು ಕೂಗುತ್ತಿದ್ದೆ. ಓಡಿ ಬರುತ್ತಿದ್ದರು. ಪರದೆಯ ಮೇಲೆ ಅದೇ ಮಸುಕು ಮುದ್ದೆ. “ವಯಸ್ಸಾತು, ಬುದ್ಧಿ ಯಾವಾಗ ಬರ್ತದ್ರಿ ಕಾಕಾ?” ಎಂದು ಬೈದು ನಗುತ್ತಿದ್ದರು. ಮರುದಿನ ಕೂಗಿದರೂ ಓಡಿಯೇ ಬರುತ್ತಿದ್ದರು…

ಆಮೇಲೆ ಅವರಿಗೆ ಕಾಯಿಲೆ. ಯಾವ ಔಷಧಿಯೂ ಹಿಡಿಯಲಿಲ್ಲ. ಅಫಜಲಪುರಕ್ಕೆ, ತಾಯಿಯ ಮನೆಗೆ ಹೋದರು. ಜಲ್ದಿ ತಿರುಗಿಸಿ ಎಂದು ಅವರು ಹೇಳಿದ್ದಂತೆಯೇ, ಪ್ರಯೋಗಾಲಯದಲ್ಲಿ ಉಳಿದ ನಾವು ಕಣವನ್ನು ಎಲ್ಲೂ ನಿಲ್ಲಿಸದೆ, ತಿರುಗುತ್ತಿರುವಾಗಲೇ ಚಿತ್ರ ತೆಗೆಯುತ್ತ ಹೋದೆವು. ಒಂದು ದಿನ ಕಾದ ಕಣವೊಂದು ಎಲ್ಲ ಮಗ್ಗುಲಿನಿಂದಲೂ ಸ್ಪಷ್ಟವಾಗಿ ಮೂಡಿತು. ಆ ಚಿತ್ರವನ್ನು ಫೋನಿಗೆ ಹಾಕಿಕೊಂಡು ಅಫಜಲಪುರದ ಬಸ್ಸು ಹತ್ತಿದೆ.

ಹಾಸಿಗೆಯಲ್ಲಿ ಗುರುತು ಸಿಗದಷ್ಟು ಸೊರಗಿದ್ದರು. ಹಳೆಯದನ್ನೇ ಹೇಳಿದೆ, “ರೊಟ್ಟಿ ಉಬ್ಬಿತ್ರೀ ಮೇಡಂ.”

“ಸುಳ್ಳ ಹೇಳಬ್ಯಾಡ್ರಿ ಕಾಕಾ. ಈಗ ಓಡಿ ಬರಾಕ ಆಗೂದಿಲ್ಲ.”

ಫೋನು ಕೈಗಿಟ್ಟೆ. ಬೆರಳಿನಿಂದ ಕಣವನ್ನು ಅತ್ತ ತಿರುಗಿಸಿದರು, ಇತ್ತ ತಿರುಗಿಸಿದರು. ಬಹಳ ಹೊತ್ತು ನೋಡಿದರು.

“ಇವತ್ತರ ಖರೇ ಹೇಳಿದ್ರಿ,” ಅಂದರು. “ಇನ್ನ ಹಂಚು ಇಳಸ್ರಿ.”

ಆ ವಾರವೇ ಹೋಗಿಬಿಟ್ಟರು.

ಇವತ್ತು ಆ ವಾಸನೆಯ ಹಿಂದೆಯೇ ಎದ್ದು ಅಡುಗೆಮನೆಗೆ ಹೋದೆ. ರೊಟ್ಟಿ ಪೂರಾ ಉಬ್ಬಿತ್ತು. ತಡೆಯಲಾಗದೆ ಕೂಗಿಯೇಬಿಟ್ಟೆ.

“ಉಬ್ಬಿದ್ರ ಉಬ್ಬಲಿ, ಊರಿಗೆಲ್ಲಾ ಸಾರತೀರೇನು?” ಅಂದಳು ಹೆಂಡತಿ.

ಬಾಗಿಲ ಕಡೆ ನೋಡಿದೆ… ಯಾರೂ ಓಡಿ ಬರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ರೊಟ್ಟಿ ಇಳಿದುಹೋಗಿತ್ತು.