ಮೂರನೇ ಮಹಡಿಯ ಹಿತ್ತಾಳೆ ಕಂಬಿ

ಬೆಳಕು ಈಗಷ್ಟೇ ಹರಿಯುತ್ತಿದೆ. ಆರು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲಲ್ಲಿ ಹೆಂಗಸೊಬ್ಬರು ತುಂಬಿದ ಬಕೆಟ್ಟು ಹಿಡಿದು ಮೇಲೇರುತ್ತಿದ್ದಾರೆ. ನಲ್ಲಿ ಇರುವುದು ಕೆಳಗೆ, ಕೊಳೆ ಇರುವುದು ಎಲ್ಲ ಕಡೆ. ತುದಿಯವರೆಗೆ ಹತ್ತಿ, ಅಲ್ಲಿಂದ ಒರೆಸಿಕೊಂಡು ಇಳಿಯುವುದು ಅವರ ಪದ್ಧತಿ. ಲಿಫ್ಟ್ ಉಂಟು, ಆದರೆ ಅದರಲ್ಲಿ ನೀರು ಚೆಲ್ಲಬಾರದೆಂದು ಮೇಲ್ವಿಚಾರಕರ ಕಟ್ಟಪ್ಪಣೆ. ಅವರ ಕಥೆ ಬರೆಯಲೆಂದು ಜೇಬಿಗೊಂದು ಪೆನ್ನು ಸಿಕ್ಕಿಸಿಕೊಂಡು ಖಾಲಿ ಕೈಯಲ್ಲಿ ಹಿಂಬಾಲಿಸಿದ ನಾನು ಮೂರನೇ ಮಹಡಿಯಲ್ಲೇ ಉಸ್ಸಪ್ಪಾ ಎಂದು ಕೂತುಬಿಡುತ್ತೇನೆ.

ಮೇಲಿನಿಂದ ದನಿ ಬರುತ್ತದೆ. "ಏನ್ ಸ್ವಾಮಿ, ಪೆನ್ನು ಅಷ್ಟು ಭಾರನಾ?"

ಇವರೇ ಜೋರಕ್ಕ. ಹೆತ್ತವರು ಇಟ್ಟ ಹೆಸರು ಬೇರೆ, ಕಟ್ಟಡದವರಿಗೆ ಗೊತ್ತಿರುವುದು ಇದೊಂದೇ. ನನ್ನನ್ನು ಹೀಗೆ ಅಣಕಿಸುತ್ತಿರುವ ಈ ಗಟ್ಟಿಗಿತ್ತಿಯ ಎದೆಯನ್ನು ಹೋದ ವರ್ಷ ತೆರೆದು, ಹೃದಯದ ಕವಾಟವೊಂದನ್ನು ಬದಲಿಸಿದ್ದಾರೆ. ಅದೂ ಎದೆನೋವು ಬಂದು ಬಿದ್ದಾಗ ಅಲ್ಲ. "ನಂಗೇನೂ ಆಗಿಲ್ಲ" ಎಂದು ಊರಿಗೆಲ್ಲ ಸಾರುತ್ತಿದ್ದ ಕಾಲದಲ್ಲಿ.

ಕೆಲಸದವರಿಗೆಂದು ನಡೆದ ತಪಾಸಣೆಯಲ್ಲಿ ಡಾಕ್ಟರಮ್ಮನ ಕಿವಿಗೆ ಒಂದು ಅಪಸ್ವರ ಬಿತ್ತು. ಸ್ಕ್ಯಾನಿನಲ್ಲಿ ಕವಾಟ ತೀರಾ ಕಿರಿದಾಗಿತ್ತು. ಸುಸ್ತಿದೆಯಾ, ತಲೆ ತಿರುಗುತ್ತಾ, ಉಸಿರು ಕಟ್ಟುತ್ತಾ ಎಂದು ಕೇಳಿದ್ದಕ್ಕೆಲ್ಲ ಜೋರಕ್ಕನದು ಒಂದೇ ಉತ್ತರ: "ಇಲ್ಲ, ಇಲ್ಲ, ಇಲ್ಲ."

ಅಲ್ಲೇ ಇರುವುದು ಕಗ್ಗಂಟು. ನಿಜಕ್ಕೂ ತೊಂದರೆ ಇಲ್ಲದವರನ್ನು ಆಗಾಗ ಪರೀಕ್ಷಿಸುತ್ತಾ ಕಾಯಬಹುದು, ಏಕೆಂದರೆ ಶಸ್ತ್ರಚಿಕಿತ್ಸೆಗೂ ಅದರದೇ ಅಪಾಯವಿದೆ. ಆದರೆ ತೀರಾ ಕಾದರೆ ಹೃದಯವೇ ಸೋತುಹೋಗಬಹುದು. "ಇಲ್ಲ ಅನ್ನೋದು ಬಾಯಿ. ಮೈ ಏನನ್ನುತ್ತೋ ಕೇಳೋಣ" ಎಂದು ಡಾಕ್ಟರಮ್ಮ ಅವರನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಯಲು ಹತ್ತಿಸಿದರು.

ಜೊತೆಗೆ ಹೋದವರು ನಾದಿನಿ. ಅದೇ ಕಟ್ಟಡದಲ್ಲಿ ಕಸ ಒಯ್ಯುವ ಕೆಲಸ ಅವರದು. ಅಂದು ನಡೆದದ್ದನ್ನು ಅವರ ಬಾಯಲ್ಲೇ ಕೇಳಬೇಕು: "ಪಟ್ಟಿ ಏರು ಆಯ್ತು. ಅತ್ತಿಗೆ ನಡೀತಾ ನಡೀತಾ, ಆಸ್ಪತ್ರೆ ಅಂಗಿ ತೋಳಲ್ಲಿ ಹಿಡಿಕೆ ಒರೆಸೋಕೆ ಶುರು ಮಾಡಿದ್ರು! ಎಲ್ರೂ ನಕ್ಕರು. ನಂಗೆ ಮಾತ್ರ ಜೀವ ಝಲ್ ಅಂತು. ಅಯ್ಯೋ ಅತ್ತಿಗೆ, ಮೂರನೇ ಮಹಡಿ ಅಂದೆ."

ಕಟ್ಟಡದ ಮೆಟ್ಟಿಲ ಪಕ್ಕದ ಹಿತ್ತಾಳೆ ಕಂಬಿಗಳಲ್ಲೆಲ್ಲ ಮೂರನೇ ಮಹಡಿಯದು ಮಾತ್ರ ಕೆಲವು ತಿಂಗಳಿಂದ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಲ್ಲಿನ ನಿವೃತ್ತ ಮೇಷ್ಟ್ರು ಅದರಲ್ಲೇ ಮುಖ ನೋಡಿ ತಲೆ ಬಾಚುತ್ತಿದ್ದರಂತೆ. ಬಕೆಟ್ಟು ಹೊತ್ತು ಅಲ್ಲಿಗೆ ಬರುವಾಗ ಜೋರಕ್ಕನಿಗೆ ಉಸಿರು ಸಾಲುತ್ತಿರಲಿಲ್ಲ. ಸುಮ್ಮನೆ ನಿಂತರೆ ಮೈಗಳ್ಳಿ ಎಂದಾರೆಂದು ಹೆಗಲ ಬಟ್ಟೆ ತೆಗೆದು ಕಂಬಿ ಉಜ್ಜುತ್ತಿದ್ದರು. ಉಜ್ಜುತ್ತಾ ಉಜ್ಜುತ್ತಾ ಅದೂ ಕೆಲಸವೇ ಆಗಿಹೋಯಿತು.

"ಸುಳ್ಳು ಹೇಳಿದ್ದಲ್ಲ ಸ್ವಾಮಿ. ದಣಿವು ಅಂದ್ರೆ ಕೂತ್ಕೊಳ್ಳೋದು ಅಂತ ತಿಳಿದಿದ್ದೆ. ನಾನೆಲ್ಲಿ ಕೂತೆ?" ಎನ್ನುತ್ತಾರೆ ಜೋರಕ್ಕ.

ಪಟ್ಟಿಯ ಮೇಲೆ ರಕ್ತದೊತ್ತಡ ಏರಬೇಕಾದ ಹೊತ್ತಿನಲ್ಲಿ ಇಳಿಯಿತು. ಇನ್ನು ಕಾಯುವುದು ಬೇಡ ಎಂದರು ಡಾಕ್ಟರಮ್ಮ.

ಮನೆಯಲ್ಲಿ ರಣರಂಗ. ಬೇಕರಿಯಲ್ಲಿ ದುಡಿಯುವ ಗಂಡ, "ಗುಂಡುಕಲ್ಲಿನ ಹಾಗಿದ್ದೀಯ, ನೋವಿಲ್ಲದ ಎದೆ ಯಾಕೆ ಸೀಳಿಸ್ಕೋತೀಯೇ?" ಎಂದು ಅಡ್ಡ ನಿಂತರು. ದಾರೀಲಿ ಹೋಗೋ ಮಾರೀನ ಮನೆಗೆ ಕರೀಬೇಡ ಎಂದರು ಅತ್ತೆ. ಮೇಲ್ವಿಚಾರಕರು ಧಾರಾಳಿ, ಬಾಗಿಲ ಬಳಿ ಕುರ್ಚಿ ಹಾಕಿಕೊಡುತ್ತೇನೆ, ಕೂತಿರು ಎಂದರು. ಬಕೆಟ್ಟಿಗೆ ಲಿಫ್ಟ್ ಬಿಡುವ ಯೋಚನೆ ಮಾತ್ರ ಆ ಪುಣ್ಯಾತ್ಮರಿಗೆ ಹೊಳೆಯಲಿಲ್ಲ!

ಜೋರಕ್ಕ ಜಗ್ಗಲಿಲ್ಲ. "ನೀವೆಲ್ಲ ನನ್ನ ಹೊತ್ಕೊಂಡು ಹೋಗೋ ದಿನಕ್ಕೆ ಕಾಯ್ಬೇಕಾ? ಬೆಂಕಿ ಬಿದ್ಮೇಲೆ ಬಾವಿ ತೋಡೋ ಬುದ್ಧಿ ನಂದಲ್ಲ. ನನ್ನ ಕಾಲಲ್ಲೇ ನಡ್ಕೊಂಡು ಹೋಗಿ ಮಲಗ್ತೀನಿ, ನನ್ನ ಕಾಲಲ್ಲೇ ಎದ್ದು ಬರ್ತೀನಿ. ಕುರ್ಚಿ ನೀವೇ ಇಟ್ಕೊಳ್ಳಿ" ಎಂದು ಎಲ್ಲರಿಗೂ ಒಟ್ಟಿಗೇ ಹೇಳಿದರು.

ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. "ಆಗ್ದೇ ಏನು? ನೀರಿನ ನಲ್ಲಿ ಬಿಟ್ಕೊಂಡು, ಯಾರಿಗೂ ಕೇಳಿಸದ ಹಾಗೆ ಅತ್ತಿದೀನಿ. ಸಾಯೋಕೆ ನಂಗಿಷ್ಟ ಇರ್ಲಿಲ್ಲ, ಅಷ್ಟೇ." ಇದನ್ನು ಹೇಳುವಾಗ ಮಾತ್ರ ಅವರ ದನಿ ತಗ್ಗುತ್ತದೆ.

ಗಾಯ ಮಾಗುವವರೆಗೆ ಮನೆಯಲ್ಲಿದ್ದರು. ಡಾಕ್ಟರಮ್ಮ ಸರಿ ಎಂದ ಮೇಲೆಯೇ ಬಕೆಟ್ಟು ಮುಟ್ಟಿದ್ದು, ಮೊದಮೊದಲು ಅರ್ಧ ನೀರು. ಅಡ್ಡ ನಿಂತಿದ್ದ ಗಂಡ ಈಗ ದಿನಾ ಗುಳಿಗೆ ಎತ್ತಿಕೊಟ್ಟು, ನುಂಗಿದ್ದನ್ನು ನೋಡಿಯೇ ಬೇಕರಿಗೆ ಹೊರಡುತ್ತಾರೆ.

ಮೂರನೇ ಮಹಡಿಯ ಬಾಗಿಲು ತೆರೆಯುತ್ತದೆ. ಕೈಯಲ್ಲಿ ಬಾಚಣಿಗೆ ಹಿಡಿದ ಮೇಷ್ಟ್ರು, ಇನ್ನೂ ಮೆಟ್ಟಿಲ ಮೇಲೇ ಕೂತಿರುವ ನನ್ನನ್ನು ದಾಟಿ ಕಂಬಿಯತ್ತ ಬಗ್ಗುತ್ತಾರೆ. ಎಲ್ಲ ಕಂಬಿಗಳಂತೆ ಅದೂ ಈಗ ಸಾಧಾರಣ ಕಂಬಿ.

"ಏನಮ್ಮಾ ಜೋರಕ್ಕ," ಮೇಲಕ್ಕೆ ಮುಖ ಮಾಡಿ ಕೂಗುತ್ತಾರೆ, "ಈಚೆಗೆ ಇದ್ರಲ್ಲಿ ನನ್ನ ಮುಖಾನೇ ಕಾಣ್ಸಲ್ವಲ್ಲ?"

ಆರನೇ ಮಹಡಿಯಿಂದ ಬಕೆಟ್ಟಿನ ಸದ್ದು, ಅದರ ಹಿಂದೆಯೇ ಉತ್ತರ:

"ಕನ್ನಡಿ ತಗೊಳ್ಳಿ ಮೇಷ್ಟ್ರೇ! ಅಲ್ಲಿ ನಿಲ್ಲೋಕೆ ನಂಗೀಗ ಪುರುಸೊತ್ತಿಲ್ಲ."