ರಾಗಿ ಹಿಟ್ಟಿನ ಕುರಿ

ಟೀ ಲೋಟಕ್ಕೆ ಮೇಲಿನಮ್ಮ ಮೊದಲು ಉಂಗುರದ ಬೆರಳು ಅದ್ದುತ್ತಿದ್ದರು. ಆ ಬೆರಳಿನ ತುದಿ ಟೀ ಬಣ್ಣಕ್ಕೇ ತಿರುಗಿತ್ತು. ಗಾಳಿಗೆ ಚಿಮುಕಿಸಿದ ಹನಿಗಳು ನಮ್ಮ ಹಳದಿ ಗೋಡೆಯ ಮೇಲೆ ಚುಕ್ಕೆಗಳಾಗಿ ಉಳಿಯುತ್ತಿದ್ದವು. ಹಳದಿ ಎಂದು ಬರೆದೆ. ಹಸಿರು ಎನ್ನುತ್ತಾಳೆ ತಂಗಿ. ಚುಕ್ಕೆಗಳ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

"ಗೋಡೆಗೆ ಯಾಕ್ರೀ ಟೀ ಕುಡಿಸ್ತೀರಾ?" ಎಂದು ಅಮ್ಮ ರೇಗುತ್ತಿದ್ದಳು.

"ನಮ್ಮ ಬೆಟ್ಟದ ದೇವರುಗಳಿಗೆ ಮೊದ್ಲು ಕೊಡ್ಬೇಕಮ್ಮ."

"ಅತ್ತಿಗುಪ್ಪೇಲಿ ಯಾವ ಬೆಟ್ಟ ರೀ?"

"ಅವರಿಗೆ ದೂರ ಗೊತ್ತಾಗಲ್ಲ."

ಎರಡು ಸಾವಿರದ ದಶಕದ ಮಧ್ಯದಲ್ಲಿ ನಮ್ಮ ಮಹಡಿಯ ಒಂಟಿ ಕೋಣೆಗೆ ಬಾಡಿಗೆಗೆ ಬಂದ ಟಿಬೆಟಿನ ಹೆಂಗಸು ಅವರು. ನಮಗೆ ಮೇಲಿನಮ್ಮ. ಒಬ್ಬನೇ ಮಗ, ಬೈಲುಕುಪ್ಪೆಯ ಮಠದಲ್ಲಿ ಓದಿ ಭಿಕ್ಷುವಾದವನು. ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಡಯಾಲಿಸಿಸ್‌ಗೆ ಹತ್ತಿರವಾಗಲೆಂದು ಇಲ್ಲಿ ಮನೆ ಹಿಡಿದಿದ್ದರು. ಸಂಜೆ ಅವನು ಮಲಗಿದಾಗ ಕೆಳಗಿಳಿದು ಬಂದು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದರು. ಬೈಲುಕುಪ್ಪೆಯ ಹೊಲಗಳಲ್ಲಿ ಕಲಿತ ಕನ್ನಡ.

"ಬುದ್ಧ ಇದಾನಲ್ರೀ ನಿಮಗೆ, ಮತ್ತೆ ಈ ಬೆಟ್ಟದವರ ಗೊಡವೆ ಯಾಕೆ?" ಎಂದು ಅಮ್ಮ ಒಮ್ಮೆ ಕೇಳಿದಳು.

"ಬುದ್ಧ ಬಂದಿದ್ದು ಆಮೇಲೆ. ಮೊದ್ಲು ಇದ್ದಿದ್ದು ಇವರೇ. ನಮ್ಮಪ್ಪನ ಮೈಮೇಲೆ ಬರ್ತಿದ್ರು. ಬಹಳ ಹಿಂದೆ ಬುದ್ಧಂಗೆ ಅಂತ ಹಗಲು ಗುಡಿ ಕಟ್ಟಿದ್ರೆ ರಾತ್ರಿ ಬೀಳಿಸೋರು. ಆಗ ಈ ಇಂಡಿಯಾ ಕಡೆಯಿಂದ ಒಬ್ಬ ಗುರು ಬಂದ. ಚೆನ್ನಾಗಿ ಬಡಿದ. ಕೊಲ್ಲಲಿಲ್ಲ. ಧರ್ಮಕ್ಕೆ ಕಾವಲಿರ್ತೀವಿ ಅಂತ ಆಣೆ ಹಾಕಿಸ್ಕೊಂಡ. ಆವತ್ತಿಂದ ಬುದ್ಧ ಒಳಗೆ, ಇವ್ರು ಬಾಗಿಲಲ್ಲಿ. ಕುರಿ ಕಡಿಯೋದು ನಿಂತು ಹಿಟ್ಟಿನ ಕುರಿ ಬಂತು."

"ನಮ್ಮ ಮಾರಮ್ಮನ ಕಥೇನೂ ಅಷ್ಟೇ. ಗೋಪುರ ಎಬ್ಬಿಸಿದ್ರು, ಐನೋರು ಬಂದ್ರು, ಕೋಳಿ ಹೋಗಿ ಕುಂಬಳಕಾಯಿ ಬಂತು."

"ಕೋಪ ಮಾಡ್ಕೊಳ್ಳಲ್ವಾ?"

"ಮಾಡ್ಕೋತಾಳೆ. ಒಳಗೊಳಗೇ."

ಇಬ್ಬರೂ ನಕ್ಕರು. ಅವರು ಹೇಳಿದ್ದು ಇಷ್ಟು ಅಚ್ಚುಕಟ್ಟಾಗಿ ಇರಲಾರದು. ನಡುವೆ ಕುಕ್ಕರ್ ಕೂಗಿತ್ತು, ಯಾರೋ ಬೆಲ್ ಮಾಡಿದ್ದರು. ಜ್ಞಾನಭಾರತಿಯಲ್ಲಿ ಇತಿಹಾಸ ಓದುತ್ತಿದ್ದ ನಾನು ಆಮೇಲೆ ಪುಸ್ತಕದಲ್ಲಿ ಕಂಡದ್ದನ್ನೂ ಅವರ ಬಾಯಿಗೆ ಹಾಕಿರಬಹುದು.

ಬೇಸಿಗೆಯ ಹೊತ್ತಿಗೆ ಮಗನಿಗೆ ಮೆಟ್ಟಿಲು ಇಳಿಯಲು ಎರಡು ಹೆಗಲು ಬೇಕಾಯಿತು. ಅವನ ಜೀವ ಮೈಬಿಟ್ಟು ಎಲ್ಲೋ ಅಲೆಯುತ್ತಿದೆ, ಕರೆದರೆ ಬರುತ್ತದೆ ಎಂದರು ಮೇಲಿನಮ್ಮ. ಅವರ ಅಪ್ಪ ಹಾಗೆ ಕರೆದು ಎಷ್ಟೋ ಜನರನ್ನು ಉಳಿಸಿದ್ದರಂತೆ. ಅಗಲವಾದ ಪಾತ್ರೆಯ ನೀರಿನಲ್ಲಿ ಬಟ್ಟಲು ತೇಲಿಬಿಟ್ಟು, ಅದರಲ್ಲಿ ಬೆಣ್ಣೆಯ ಕುರಿ ನಿಲ್ಲಿಸಿ, ನೀರನ್ನು ಸುತ್ತಿಸುವುದು. ಬಟ್ಟಲು ನಿಂತಾಗ ಕುರಿಯ ಮುಖ ಕಾಯಿಲೆಯವರ ಕಡೆಗಿದ್ದರೆ ಜೀವ ಮರಳಿತೆಂದು ಅರ್ಥ.

ಮಗ ಒಪ್ಪಲಿಲ್ಲ. "ಅಮ್ಮ, ಜೀವ ಏನು ಬೆಕ್ಕಾ? ಹೋಗೋಕೆ, ಕರೆದ್ರೆ ಬರೋಕೆ?" ಎಂದು ನಮ್ಮೆದುರು ಕನ್ನಡದಲ್ಲೇ ತಮಾಷೆ ಮಾಡಿದ. ಕೊನೆಗೆ ತಾಯಿಯ ಮುಖ ನೋಡಿ ಹೂಂ ಎಂದ.

ಬೆಣ್ಣೆಯ ಕುರಿ ಬೆಂಗಳೂರಿನ ಏಪ್ರಿಲ್‌ನಲ್ಲಿ ಕಾಲು ಮಡಚಿ ಕೂತುಬಿಟ್ಟಿತು. "ನಮ್ಮೂರಲ್ಲಿ ಕಲ್ಲಿನ ಹಂಗೆ ನಿಲ್ಲುತ್ತೆ," ಎಂದು ಅವರು ನಾಚಿಕೊಂಡರು. ಅಮ್ಮ ರಾಗಿ ಹಿಟ್ಟು ಕಲಸಿ ಕೊಟ್ಟಳು. "ಕುರಿ ಹೋಗಿ ಹೆಗ್ಗಣ ಆಯ್ತಲ್ರೀ" ಎಂದಳು. ಮಗನೂ ನಕ್ಕ.

ಅವನು ಗೋಡೆಗೊರಗಿ ಕೂತಿದ್ದ. ಮೇಲಿನಮ್ಮ ಸೌಟಿನಿಂದ ನೀರು ತಿರುವಿದರು, ದೊಡ್ಡ ದನಿಯಲ್ಲಿ ಕರೆದರು. ದನ ಮನೆಗೆ ಬಾರದಿದ್ದಾಗ ಕರೆಯುವ ದನಿ ಅದು. ಬಟ್ಟಲು ಸುತ್ತಿತು, ನಿಧಾನವಾಯಿತು, ನಿಂತಿತು. ಕುರಿ ಬಾಗಿಲ ಕಡೆ ನೋಡುತ್ತಿತ್ತು.

ಮೇಲಿನಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು.

ಆಗ ಮಗ ಎರಡೂ ಅಂಗೈ ನೆಲಕ್ಕೂರಿದ. ಅಮ್ಮ ಹಿಡಿಯಲು ಹೋದಳು, ಬೇಡವೆಂದು ತಲೆಯಾಡಿಸಿದ. ತೆವಳಿದ, ನಡುವೆ ತಡೆದು ಉಸಿರೆಳೆದುಕೊಂಡ, ಮತ್ತೆ ತೆವಳಿದ. ಬಾಗಿಲಿಗೆ ಬೆನ್ನು ಕೊಟ್ಟು ಕುರಿಯ ಮುಖಕ್ಕೆ ನೇರವಾಗಿ ಕೂತ.

"ನೋಡಮ್ಮ, ಬಂತು," ಎಂದ.

ಮೇಲಿನಮ್ಮ ಚಪ್ಪಾಳೆ ತಟ್ಟಿ ನಕ್ಕರು. ಅವನಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ನಗುವಿನ ಬಗ್ಗೆ ಎಷ್ಟೋ ಸಲ ಬರೆದು ಹೊಡೆದುಹಾಕಿದ್ದೇನೆ.

ಮಳೆಗಾಲ ಶುರುವಾಗುವ ಮುಂಚೆಯೇ ಅವನು ಹೋದ. ಮಠದವರು ಬಂದು ಮಂತ್ರ ಓದಿದರು. ಕೋಣೆ ಖಾಲಿ ಮಾಡುವ ದಿನ ಅಮ್ಮ ಅವರ ಕೈಹಿಡಿದು, "ಅವತ್ತು ನಿಮಗೋಸ್ಕರ ತೆವಳ್ಕೊಂಡು ಬಂದ್ನಲ್ರೀ, ಅಂಥ ಮಗ ಯಾರಿಗಿದಾನೆ?" ಎಂದಳು.

"ಅದೇ ಅಮ್ಮ ನನ್ನ ಸಂಕಟ," ಎಂದರು. "ಸನ್ಯಾಸಿ ಸುಳ್ಳು ಹೇಳಬಾರದು. ಅವನು ಒಂದಿನವೂ ಹೇಳಿದೋನಲ್ಲ. ಸಾಯೋ ಹೊತ್ತಲ್ಲಿ ನಾನು ಹೇಳಿಸಿಬಿಟ್ಟೆ. ಆ ಪಾಪ ಹೊತ್ಕೊಂಡು ಅವನು ಎಲ್ಲಿ ಹುಟ್ತಾನೋ."

"ಅದು ಸುಳ್ಳೇನ್ರೀ? ಪ್ರೀತಿ ಅಲ್ವಾ?"

ಅವರು ಗಂಟು ಎತ್ತಿಕೊಂಡರು. ಕೆಂಗೇರಿಯಲ್ಲಿ ನಾನೇ ಬಸ್ಸು ಹತ್ತಿಸಿದೆ.

ಕೆಲವು ವರ್ಷಗಳ ಮೇಲೆ, ಚಳಿಗಾಲದಲ್ಲಿ ಸ್ವೆಟರ್ ಮಾರಲು ಬಂದಿದ್ದ ಬೈಲುಕುಪ್ಪೆಯ ಹೆಂಗಸೊಬ್ಬರಿಂದ ಅವರು ತೀರಿಕೊಂಡದ್ದು ತಿಳಿಯಿತು. ಊರಿಗೆ ಹೋದವರು ದಿನವೂ ಬೆಳಗಾದರೆ ಮಠಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರಂತೆ, ಮಗನ ಆ ಮಾತಿನ ಪಾಪ ತನಗೇ ತಟ್ಟಲಿ ಎಂದು. ಕಾಲು ಸೋತ ಮೇಲೂ ಯಾರದ್ದಾದರೂ ತೋಳು ಹಿಡಿದು ಸುತ್ತುತ್ತಿದ್ದರಂತೆ. ಸಾಕು, ಕೂತ್ಕೊಳ್ಳಿ ಎಂದರೆ, "ಇನ್ನೂ ಮುಗಿದಿಲ್ಲ" ಎನ್ನುತ್ತಿದ್ದರಂತೆ.