ಹೊಳೆ ಕಡೆಯ ಬಾಗಿಲು

ಸಾಗರದಿಂದ ತೀರ್ಥಹಳ್ಳಿಯವರೆಗೆ ನಲವತ್ತು ಮನೆ ಎಬ್ಬಿಸಿದ ದುಗ್ಗಪ್ಪ ಮೇಸ್ತ್ರಿ ಕಾಗದದ ಮೇಲೆ ಒಂದು ಗೆರೆ ಎಳೆದವನಲ್ಲ. ನಕ್ಷೆ ಎಲ್ಲಿ ಎಂದವರಿಗೆ ಹಣೆ ತಟ್ಟಿ ತೋರಿಸುತ್ತಿದ್ದ. ಮನೆ ಕಟ್ಟಿಸುವವರ ಹಳೇ ಮನೆಯಲ್ಲಿ ಒಂದು ದಿನ ಸುಮ್ಮನೆ ಕೂತು, ಯಾರ ಕಾಲು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು. ಆಮೇಲೆಯೇ ಗೂಟ ಹೊಡೆಯುವುದು. "ಮನೆ ಕಣ್ಣಿಗಲ್ಲ ಮಾರಾಯ್ರೆ, ಕಾಲಿಗೆ" ಎನ್ನುತ್ತಿದ್ದ. ಹೊಡೆದ ಗೂಟ ಕಿತ್ತವನಲ್ಲ ಎಂಬ ಜಂಬ ಬೇರೆ. ಇರಲಿ ಬಿಡಿ, ಕೆಲಸ ಬಲ್ಲವನಿಗೆ ಅಷ್ಟೂ ಬೇಡವೇ?

ಅಂಥವನು ತನ್ನ ಅರವತ್ತೈದನೆಯ ವಯಸ್ಸಿನಲ್ಲಿ, ಹೊಸನಗರದ ಹತ್ತಿರದ ಒಂದು ಬಯಲಲ್ಲಿ ಹೊಡೆದ ಗೂಟವನ್ನು ಎರಡೆರಡು ಸಲ ಕಿತ್ತ.

ಜಾಗ ಮುಕುಂದಯ್ಯನದು. ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಊರು ಹೋಗುತ್ತದೆ ಎಂದಾದಾಗ ಅವನ ಹಳೇ ಮನೆಯನ್ನು ಬಿಚ್ಚಿಕೊಟ್ಟವನೂ ದುಗ್ಗಪ್ಪನೇ. ಮುಕುಂದಯ್ಯನ ತಾಯಿ ವರದಮ್ಮನಿಗೆ ಕಣ್ಣು ಕಾಣದು. ಆದರೂ ಆ ಮನೆಯೊಳಗೆ ಯಾರ ಕೈಯನ್ನೂ ಹಿಡಿಯದೆ ಸರಸರ ಓಡಾಡುತ್ತಿದ್ದಳು. ಬೆಳಿಗ್ಗೆ ಹೊಳೆ ಕಡೆಯ ಜಗಲಿಯ ಕಂಬಕ್ಕೆ ಒರಗಿ ಕೂತು, ಮುಖಕ್ಕೆ ಬಿಸಿಲು ಬಿದ್ದರೆ ಬೆಳಕು ಹರಿಯಿತು ಎನ್ನುತ್ತಿದ್ದಳು. "ಅಮ್ಮಾ, ಇದೇ ಮನೆನ ಅಲ್ಲಿ ನಿಲ್ಲಿಸ್ತೀನಿ. ಕೈ ಹಿಡಿಯೋಕೆ ಯಾರೂ ಬೇಡ ನಿಮ್ಗೆ" ಎಂದು ದುಗ್ಗಪ್ಪ ಮಾತು ಕೊಟ್ಟಿದ್ದ. ಅದನ್ನು ನಂಬಿಯೇ ಆಕೆ ಗಾಡಿ ಹತ್ತಿದ್ದು.

ಬಿಚ್ಚುವಾಗ ಕಂಬ ತೊಲೆಗಳ ಮೇಲೆಲ್ಲ ಉಳಿಯಿಂದ ಗುರುತು ಕೆತ್ತಿದ್ದ: ಹೊಳೆ ಕಡೆಯದಕ್ಕೆ 'ಹೊ', ಗುಡ್ಡದ ಕಡೆಯದಕ್ಕೆ 'ಗು'. ಆ ಊರಲ್ಲಿ ದಿಕ್ಕು ಅಂದರೆ ಅವೆರಡೇ. ಇಲ್ಲಿ ನೋಡಿದರೆ ಹೊಳೆಯೇ ಇಲ್ಲ. ಪಡುವಣಕ್ಕೆ ಹಿನ್ನೀರು ಹರಡಿಕೊಂಡಿತ್ತು. ಅದನ್ನು ಹೊಳೆ ಎನ್ನಬೇಕೋ, ಬೇಡವೋ? ಒಂದು ದಿನ ಬಾಗಿಲನ್ನು ರಸ್ತೆಯ ಕಡೆಗಿಟ್ಟು ಗೂಟ ಹೊಡೆದ, ಮನಸ್ಸು ಒಪ್ಪಲಿಲ್ಲ. ಮಾರನೆಯ ದಿನ ಮೂಡಣಕ್ಕೆ ಹೊಡೆದ. ಎದುರಿಗೇ ಗುಡ್ಡ. 'ಹೊ' ಎಂದು ಬರೆದ ಕಂಬ ಗುಡ್ಡ ನೋಡುತ್ತ ನಿಲ್ಲುವುದೇ? ಅದನ್ನೂ ಕಿತ್ತ. ತಲೆ ಕಲಸಿದ ಹಿಟ್ಟಾಯಿತು.

"ನನ್ನೇನ್ ಕೇಳ್ತೀಯಾ ಮೇಸ್ತ್ರಿ, ಅಮ್ಮನ್ನೇ ಕೇಳು" ಎಂದು ಮುಕುಂದಯ್ಯ ಜಾರಿಕೊಂಡ.

ವರದಮ್ಮ ನಕ್ಕುಬಿಟ್ಟಳು. "ತಲೆ ಕೆಟ್ಟಿತೇನೋ ನಿಂಗೆ? ಬಾಗ್ಲು ಹೊಳೆ ಕಡೆಗಲ್ದೆ ಇನ್ನೆಲ್ಲಿಗೋ?"

ಸರಿ, ಆಕೆಯೇ ಹೇಳಿದ ಮೇಲೆ ಇನ್ನೇನು. ಬಾಗಿಲು ಹಿನ್ನೀರಿಗೆ ಮುಖ ಮಾಡಿ ನಿಂತಿತು.

ಒಕ್ಕಲಾದ ದಿನ ವರದಮ್ಮ ಹೊಸ್ತಿಲು ದಾಟಿ, ನಡುಮನೆ ಹಾದು, ಒಂದೂ ಗೋಡೆ ತಡವದೆ ಅಡುಗೆಮನೆಗೆ ನಡೆದು ಹೋದಳು. ದುಗ್ಗಪ್ಪನಿಗೆ ನಲವತ್ತು ಮನೆಯಲ್ಲಿ ಸಿಗದ ಸಂತೋಷ ಅವತ್ತು ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಒಂಬತ್ತಾಗಿತ್ತು. ಹಿತ್ತಲಲ್ಲಿ ಉಳಿ ಸುತ್ತಿಗೆ ಕಟ್ಟಿಕೊಳ್ಳುತ್ತಿದ್ದ ದುಗ್ಗಪ್ಪನ ಬೆನ್ನು ಬಿಸಿಲಿಗೆ ಚುರುಗುಟ್ಟುತ್ತಿತ್ತು. ವರದಮ್ಮನಿಗೆ ಹೇಳಿ ಹೊರಡೋಣವೆಂದು ಮುಂದಿನ ಜಗಲಿಗೆ ಬಂದ. ಆಕೆ ತನ್ನ ಅದೇ ಕಂಬಕ್ಕೆ ಒರಗಿ, ಮುಖ ಹೊರಗೆ ಮಾಡಿ ಕೂತಿದ್ದಳು.

"ದುಗ್ಗಪ್ಪನೇನೋ? ಕೂತು ಕೂತು ಸಾಕಾಯ್ತು. ಇವತ್ತು ಇನ್ನೂ ಬೆಳಕು ಹರೀಲಿಲ್ವಾ?"

ದುಗ್ಗಪ್ಪನಿಗೆ ಒಂದು ಕ್ಷಣ ಏನೆಂದು ತಿಳಿಯಲೇ ಇಲ್ಲ. ಆಕೆಯ ಮುಖ ನೋಡಿದ, ನೀರು ನೋಡಿದ. ಅಳತೆ ತಪ್ಪಿಲ್ಲ, ಕಂಬ ತಪ್ಪಿಲ್ಲ. ಆಮೇಲೆ ತಿಳಿಯಿತು: ಆ ಊರಿನ ಹೊಳೆ ಮೂಡಣಕ್ಕಿತ್ತು. ಆಕೆಯ ಕೈ ಹಿಡಿದುಕೊಂಡು ನಡುಮನೆಯಿಂದ ಹಿತ್ತಲಿಗೆ ಕರೆದುಕೊಂಡು ಹೋದ. ಮುಖಕ್ಕೆ ಬಿಸಿಲು ಬಿತ್ತು.

"ಇದು ಹಿತ್ಲಲ್ವೇನೋ? ಸೂರ್ಯ ಯಾಕೋ ಇಲ್ಲಿ ಬಂದಾನೆ?"

"ಅವನು ಸರಿಯಾಗೇ ಬಂದಾನಮ್ಮಾ," ಎಂದ ದುಗ್ಗಪ್ಪ. "ನಾನು ಮನೆನ ತಿರುಗಿಸಿ ಇಟ್ಟೆ."